ಮೂರನೆಯ ವಾಕ್ಯದ ಜಾಡು ಹಿಡಿದು

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶ ಸಿದ್ಧಾಂತಕ್ಕೆ ಮೂರೇ ವಾಕ್ಯ. ಜೀವಿಗಳೆಲ್ಲ ಜೀವಕೋಶಗಳಿಂದಾಗಿವೆ, ಜೀವದ ಮೂಲ ಘಟಕ ಜೀವಕೋಶವೇ, ಹೊಸ ಜೀವಕೋಶ ಹುಟ್ಟುವುದು ಮೊದಲೇ ಇರುವ ಜೀವಕೋಶದಿಂದ ಮಾತ್ರ. ಮೊದಲೆರಡರ ಪಕ್ಕ ಶ್ಲೈಡನ್ ಮತ್ತು ಶ್ವಾನ್ ಎಂಬ ಹೆಸರು, 1838 ಮತ್ತು 1839 ಎಂಬ ಇಸವಿ. ಮೂರನೆಯದರ ಪಕ್ಕ ವಿರ್ಖೋ, 1855. ಪರೀಕ್ಷೆಗೆ ಇಷ್ಟು ಧಾರಾಳವಾಯಿತು. ಆದರೆ ಆ ಕಾಲದ ಬರಹಗಳನ್ನೇ ತೆರೆದು ನೋಡುತ್ತಾ ಹೋದರೆ ಮೂರನೆಯ ಹೆಸರಿನ ಬಗ್ಗೆ ಅನುಮಾನ ಹತ್ತುತ್ತದೆ.

ಮೊದಲು 1838. ಬರ್ಲಿನ್‌ನ ಶರೀರಶಾಸ್ತ್ರಜ್ಞ ಯೊಹಾನೆಸ್ ಮ್ಯೂಲರ್ ಒಂದು ಸಂಶೋಧನಾ ಪತ್ರಿಕೆ ನಡೆಸುತ್ತಿದ್ದ. 'ಮ್ಯೂಲರ್‌ನ ಆರ್ಕೈವ್' ಎಂದೇ ಅದು ಹೆಸರಾಗಿತ್ತು. ಸಸ್ಯಕೋಶದ ಬಗ್ಗೆ ಶ್ಲೈಡನ್ ಬರೆದ ಲೇಖನ ಬಂದದ್ದು ಅದರಲ್ಲೇ. ಹೊಸ ಕೋಶ ಹೇಗೆ ಹುಟ್ಟುತ್ತದೆಂದು ಅವನಿಗೆ ಹೇಳಲಾಗಲಿಲ್ಲ ಎಂದು ಎಷ್ಟೋ ಕಡೆ ಓದುತ್ತೇವೆ. ಹಾಗೇನಿಲ್ಲ, ಹೇಳಿದ್ದಾನೆ, ತಪ್ಪಾಗಿ ಹೇಳಿದ್ದಾನೆ, ಅಷ್ಟೆ. ಹಳೆಯ ಕೋಶದ ಒಳಗಿನ ದ್ರವದಲ್ಲಿ ಕಣಗಳು ಒಂದುಗೂಡಿ ಕೋಶಕೇಂದ್ರವಾಗುತ್ತವೆ, ಅದರ ಮೇಲೆ ಪೊರೆಯೊಂದು ಗಡಿಯಾರದ ಗಾಜಿನಂತೆ ಉಬ್ಬಿ ಹೊಸ ಕೋಶವಾಗುತ್ತದೆ ಎಂಬುದು ಅವನ ವಿವರಣೆ.

ಶ್ವಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1839ರ ಅವನ ಪುಸ್ತಕವನ್ನು ಹೆನ್ರಿ ಸ್ಮಿತ್ 1847ರಲ್ಲಿ ಇಂಗ್ಲಿಷಿಗೆ ತಂದಿದ್ದರಿಂದ ಜರ್ಮನ್ ಬಾರದವರೂ ಓದಬಹುದು. ಮೃದ್ವಸ್ಥಿ, ಉಗುರು, ಗರಿ, ಹಲ್ಲು ಹೀಗೆ ಒಂದೊಂದನ್ನೇ ಹಿಡಿದು, ಹೊರನೋಟಕ್ಕೆ ಒಂದಕ್ಕೊಂದು ಹೋಲದ ಇವೆಲ್ಲದರ ಮೂಲವೂ ಕೋಶವೇ ಎಂದು ತೋರಿಸುವ ಅವನ ತಾಳ್ಮೆ ದೊಡ್ಡದು. ಇಲ್ಲೊಂದು ತಮಾಷೆಯಿದೆ. ಕೋಶ, ಅಂಗಾಂಶ, ಅಂಗ, ಅಂಗವ್ಯೂಹ ಎಂದು ನಾವು ಕೆಳಗಿನಿಂದ ಮೇಲಕ್ಕೆ ಕಲಿಯುತ್ತೇವೆ. ಚರಿತ್ರೆ ಹತ್ತಿದ್ದು ಆ ಕ್ರಮದಲ್ಲಲ್ಲ. ಪ್ಯಾರಿಸ್‌ನ ವೈದ್ಯ ಬಿಷಾ 1801ರಲ್ಲೇ ಸೂಕ್ಷ್ಮದರ್ಶಕವನ್ನು ನಂಬದೆ, ಬರಿಗಣ್ಣಿನಿಂದಲೇ ಮನುಷ್ಯದೇಹದಲ್ಲಿ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ್ದ. ಆ ಅಂಗಾಂಶಗಳು ಏತರಿಂದಾಗಿವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶ್ವಾನ್‌ನಲ್ಲಿ. ಆದರೆ ಕೋಶ ಎಲ್ಲಿಂದ ಬಂತು ಎಂದು ಕೇಳಿದರೆ ಅವನೂ ಎಡವುತ್ತಾನೆ. ಪ್ರಾಣಿಗಳಲ್ಲಿ ಕೋಶಗಳ ಹೊರಗೆ ರೂಪವಿಲ್ಲದ ಒಂದು ದ್ರವ್ಯವಿದೆ, ಅದರಲ್ಲಿ ಹೊಸ ಕೋಶಗಳು ಹರಳುಗಟ್ಟುತ್ತವೆ ಎಂದು ಅವನ ನಂಬಿಕೆ. ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟಿದ ಹಾಗೆ.

ಇನ್ನು 1855. ವಿರ್ಖೋ ತಾನೇ ನಡೆಸುತ್ತಿದ್ದ ಪತ್ರಿಕೆಯ ಎಂಟನೆಯ ಸಂಪುಟದಲ್ಲಿ ಕೋಶ ಮತ್ತು ರೋಗದ ಬಗ್ಗೆ ಒಂದು ಪ್ರಬಂಧವಿದೆ. 'ಎಲ್ಲ ಕೋಶವೂ ಕೋಶದಿಂದಲೇ' ಎಂಬ ಅರ್ಥದ ಲ್ಯಾಟಿನ್ ಸೂತ್ರ ಅಲ್ಲಿದೆ. ಸೂಕ್ಷ್ಮದರ್ಶಕದಡಿ ಕೋಶ ಒಡೆದು ಎರಡಾದದ್ದರ ವರದಿ ಇರಬಹುದೆಂದು ಹುಡುಕಿದರೆ ಸಿಗುವುದು ಮುಖ್ಯವಾಗಿ ವಾದ, ಒಂದು ದೊಡ್ಡ ಕಾರ್ಯಕ್ರಮದ ಘೋಷಣೆ. ಹಾಗಾದರೆ ಕಣ್ಣಾರೆ ಕಂಡವರು ಯಾರು?

ಉತ್ತರ ಇರುವುದು ಮತ್ತೆ ಮ್ಯೂಲರ್‌ನ ಆರ್ಕೈವ್‌ನಲ್ಲೇ, 1852ರ ಸಂಪುಟದಲ್ಲಿ. ಲೇಖಕ ರಾಬರ್ಟ್ ರೆಮಾಕ್. ಇವನು 1841ರಲ್ಲೇ ಕೋಳಿಯ ಭ್ರೂಣದ ರಕ್ತದಲ್ಲಿ ಕೋಶಗಳು ಒಡೆದು ಎರಡಾಗುವುದನ್ನು ಗುರುತಿಸಿ ವರದಿ ಮಾಡಿದ್ದ. ಆದರೆ ಅಷ್ಟರಿಂದಲೇ ನಿಯಮ ಕಟ್ಟುವ ಆತುರ ಅವನಿಗಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪೆಯ ಮೊಟ್ಟೆ, ಕೋಳಿಯ ಭ್ರೂಣಗಳನ್ನು ನೋಡುತ್ತಾ ಹೋದ. ಫಲಿತ ಮೊಟ್ಟೆ ಎರಡಾಗಿ, ನಾಲ್ಕಾಗಿ ಸೀಳುತ್ತದಲ್ಲ, ಅದೇ ಸೀಳುವಿಕೆ ಎಲ್ಲೂ ಕಡಿಯದೆ ಮುಂದುವರಿದು ಅದರಿಂದಲೇ ದೇಹದ ಅಂಗಾಂಶಗಳಾಗುತ್ತವೆ ಎಂಬ ತೀರ್ಮಾನಕ್ಕೆ ಬಂದ. ಕೋಶದ ಹೊರಗೆ ದ್ರವದಿಂದ ಕೋಶ ಹುಟ್ಟುತ್ತದೆನ್ನುವುದು, ಜೀವಿಗಳು ತಮ್ಮಷ್ಟಕ್ಕೆ ತಾವೇ ಹುಟ್ಟಿಕೊಳ್ಳುತ್ತವೆ ಎಂಬ ಹಳೆಯ ನಂಬಿಕೆಯಷ್ಟೇ ಅಸಂಭವ ಎಂದು 1852ರ ಲೇಖನ ಖಂಡತುಂಡವಾಗಿ ಹೇಳುತ್ತದೆ. ಶ್ಲೈಡನ್ ತನ್ನ ತಪ್ಪನ್ನು ಅಚ್ಚು ಹಾಕಿಸಿದ ಪತ್ರಿಕೆಯಲ್ಲೇ, ಹದಿನಾಲ್ಕು ವರ್ಷಗಳ ನಂತರ ಅದರ ತಿದ್ದುಪಡಿ!

ಭ್ರೂಣದಲ್ಲಿ ಮೂರು ಪದರಗಳೆಂದು ಸ್ಪಷ್ಟವಾಗಿ ವಿಂಗಡಿಸಿದವನೂ ರೆಮಾಕನೇ. ಹೊರಪದರದಿಂದ ಚರ್ಮದ ಮೇಲ್ಭಾಗ, ನರವ್ಯೂಹ; ನಡುವಿನದರಿಂದ ಸ್ನಾಯು, ಮೂಳೆ, ರಕ್ತ; ಒಳಪದರದಿಂದ ಕರುಳಿನ ಒಳಪೊರೆ. ಒಂದೇ ಕೋಶದಿಂದ ಇಡೀ ದೇಹದ ವ್ಯವಸ್ಥೆ ಹೇಗೆ ಏರ್ಪಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಆಗ ಇರಲಿಲ್ಲ.

1855ರ ಪ್ರಬಂಧ ಈ ಶ್ರೇಯವನ್ನು ರೆಮಾಕ್‌ಗೆ ಕೊಟ್ಟಿಲ್ಲ. ಸೂತ್ರವಾದರೂ ವಿರ್ಖೋನ ಸ್ವಂತದ್ದೇ ಎಂದರೆ ಅದೂ ಅಲ್ಲ. ಫ್ರಾನ್ಸಿನ ರಾಸ್ಪೈ 1825ರಲ್ಲಿ ಧಾನ್ಯಗಳ ಪಿಷ್ಟದ ಬಗ್ಗೆ ಬರೆದ ಲೇಖನದ ನೆತ್ತಿಯ ಮೇಲೆ ಅದೇ ಲ್ಯಾಟಿನ್ ಮಾತನ್ನು ಹಾಕಿಕೊಂಡಿದ್ದ. (ಈತ 1848ರಲ್ಲಿ ಫ್ರಾನ್ಸಿನ ಅಧ್ಯಕ್ಷ ಪದವಿಗೂ ಸ್ಪರ್ಧಿಸಿ ಸೋತ, ಅವನದೇ ಬೇರೆ ಕಥೆ.) ಕೋಶ ಒಡೆದು ಎರಡಾಗುವುದು ಮಾತ್ರ ಅವನ ಮನಸ್ಸಿನಲ್ಲಿರಲಿಲ್ಲ.

ಹಾಗೆಂದು ವಿರ್ಖೋನನ್ನು ಬರೀ ಕಳ್ಳನೆಂದು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೀವು, ಗಡ್ಡೆ ಇವುಗಳ ಕೋಶಗಳೂ ದೇಹದ ಸಹಜ ಕೋಶಗಳ ಸಂತತಿಯೇ, ಹೊರಗಿನಿಂದ ಒಸರಿ ಬಂದವಲ್ಲ ಎಂದು 1858ರ ಉಪನ್ಯಾಸಗಳಲ್ಲಿ ವೈದ್ಯರಿಗೆ ಒಪ್ಪಿಸಿದ್ದು ಅವನು. ಒಪ್ಪಿಸುವ ಪೀಠವೂ ಅವನಿಗಿತ್ತು. ರೆಮಾಕ್‌ಗೆ ಅದಿರಲಿಲ್ಲ. ಪೋಜೆನ್‌ನಲ್ಲಿ 1815ರಲ್ಲಿ ಹುಟ್ಟಿದ ಆತ ಯಹೂದಿ. ಪ್ರಶ್ಯದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಬೇಕಾದರೆ ಕ್ರೈಸ್ತನಾಗಬೇಕಿತ್ತು, ಅವನು ಆಗಲಿಲ್ಲ. ದೊರೆಗೇ ಮನವಿ ಸಲ್ಲಿಸಿ, 1847ರಲ್ಲಿ ವಿಶೇಷ ಅಪ್ಪಣೆಯ ಮೇಲೆ ಸಂಬಳವಿಲ್ಲದ ಉಪನ್ಯಾಸಕನಾದ. ಸಹಾಯಕ ಪ್ರಾಧ್ಯಾಪಕನೆಂಬ ಹುದ್ದೆ ದೊರೆತದ್ದು 1859ರಲ್ಲಿ, ಸಾಯುವುದಕ್ಕೆ ಆರು ವರ್ಷ ಮೊದಲು.

ಕೋಶ ಸಿದ್ಧಾಂತದ ಪಾಠದಲ್ಲಿ ಕಾಣೆಯಾದ ಹೆಸರು ವೈದ್ಯಕೀಯ ಕಾಲೇಜಿನ ಪುಸ್ತಕದಲ್ಲಿ ಸಿಗುತ್ತದೆ. ನಮ್ಮ ನರಗಳ ತೆಳು ಎಳೆಗಳನ್ನು ಹಲವಾರು ಒಟ್ಟಿಗೆ ಅಪ್ಪಿಕೊಂಡಿರುವ ಕೋಶಕ್ಕೆ ಶ್ವಾನ್ ಕೋಶವೆಂದು ಹೆಸರು. ಆ ಎಳೆಗಳ ಕಟ್ಟಿಗೆ ರೆಮಾಕ್ ಕಟ್ಟು ಎಂದು.