ವೋಲ್ಟಿನ ಒಡೆತನ

ಮದರಾಸು (ಇಂದಿನ ಚೆನ್ನೈ) ನಗರದ ವಾಯವ್ಯದಲ್ಲಿ, ವಿಶಾಲವಾದ ಕೆರೆಯೊಂದರ ಮಗ್ಗುಲಲ್ಲಿ ಹಬ್ಬಿರುವ ಅಂಬತ್ತೂರು ಯಂತ್ರಗಳ ಊರಾದುದು ಸ್ವಾತಂತ್ರ್ಯಾನಂತರದ ಸಂಗತಿ. ಬರ್ಮಿಂಗ್‌ಹ್ಯಾಮಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಸಂಸ್ಥೆಯ ಸಹಯೋಗದಿಂದ ಮುರುಗಪ್ಪ ಮನೆತನದವರು 1949ರಲ್ಲಿ ಸ್ಥಾಪಿಸಿದ ಸೈಕಲ್ ಕಂಪನಿ ಅಲ್ಲಿ ಬೇರೂರಿತು; 1964ರಲ್ಲಿ ಕೈಗಾರಿಕಾ ಎಸ್ಟೇಟು ತಲೆಯೆತ್ತಿದ ಬಳಿಕ ಲೇತು, ಡ್ರಿಲ್ಲು, ಅಚ್ಚುಗಳ ಸಣ್ಣ ಶೆಡ್ಡುಗಳು ಅಲ್ಲಿ ಸಾಲುಗಟ್ಟಿದುವು. ವೋಲ್ಟೇಜೆಂಬುದು ಅಲ್ಲಿಯವರಿಗೆ ಪುಸ್ತಕದ ಪದವಲ್ಲ. ಹೆಸರಿಗೆ 230 ಎಂದಿದ್ದ ಸರಬರಾಜು ಬೇಸಿಗೆಯ ಸಂಜೆ ಕುಗ್ಗಿದಾಗ, ಸ್ಟೆಬಿಲೈಸರಿನ ಮುಳ್ಳನ್ನು ದಿಟ್ಟಿಸುತ್ತ ಅದರ ತಿರುಗಣೆಯನ್ನು ಒಂದೊಂದೇ ಮೆಟ್ಟಿಲು ಸರಿಸುತ್ತಿದ್ದುದು ಮನುಷ್ಯನ ಕೈ. ವೋಲ್ಟನ್ನು ನಿರ್ಧರಿಸುವ ಆ ಅಧಿಕಾರವು ಗಣಕಯಂತ್ರದೊಳಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದೇ ನಾನು ಹೇಳಹೊರಟ ಇತಿಹಾಸ.

ಗಣಕವು ಇಂತಹ ಶೆಡ್ಡುಗಳ ಲೆಕ್ಕದ ಮೇಜನ್ನೇರಿದ ಕಾಲದಲ್ಲಿ ಈ ವಿಚಾರವಾಗಿ ಆಯ್ಕೆಯೆಂಬುದೇ ಇರಲಿಲ್ಲ. ಮೊದಮೊದಲ 486 ಪ್ರೊಸೆಸರಾಗಲಿ, 1993ರ ಪ್ರಥಮ ಪೆಂಟಿಯಂ ಆಗಲಿ, 5 ವೋಲ್ಟನ್ನೇ ಬೇಡುತ್ತಿದ್ದುವು. ಆದರೆ ಪ್ರೊಸೆಸರಿನಲ್ಲಿ ವ್ಯಯವಾಗುವ ಶಕ್ತಿಯು ಅದರ ವೇಗದೊಡನೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರತಕ್ಕುದಾದುದರಿಂದ, 5ನ್ನು 3.3ಕ್ಕೆ ಇಳಿಸಿದ ಮಾತ್ರಕ್ಕೆ ಅದೇ ವೇಗದಲ್ಲಿ ಆ ವ್ಯಯವು ಅರ್ಧಕ್ಕಿಂತ ಕೆಳಗಿಳಿಯುವುದೆಂಬ ಲೆಕ್ಕಾಚಾರವು ತಯಾರಕರನ್ನು ಇಳಿಜಾರಿನಲ್ಲಿ ನಡೆಸಿತು. 1997ರ ಪೆಂಟಿಯಂ ಎಂಎಂಎಕ್ಸ್ ತನ್ನ ಗರ್ಭಕ್ಕೆ 2.8, ಹೊರಸಂಪರ್ಕಕ್ಕೆ 3.3 ಎಂದು ಎರಡು ಬಗೆಯ ಆಹಾರವನ್ನು ಕೇಳಿತು. ಒಂದೇ ಮದರ್‌ಬೋರ್ಡು ಇಷ್ಟೊಂದು ಹಸಿವುಗಳನ್ನು ತಣಿಸಬೇಕಾಗಿ ಬಂದುದರಿಂದ ಜಂಪರುಗಳ ಪ್ರಾಬಲ್ಯ ಬೆಳೆಯಿತು: ಒಳಗೆ ಲೋಹದ ತುಣುಕನ್ನು ಅಡಗಿಸಿಕೊಂಡ, ಅಕ್ಕಿಕಾಳಿಗಿಂತ ತುಸು ದಪ್ಪನೆಯ ಪ್ಲಾಸ್ಟಿಕ್ ಟೋಪಿಗಳು. ಮದರಾಸಿನ ರಿಚಿ ಸ್ಟ್ರೀಟಿನ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು ಜೋಡಿಸುವಾತನು ಕೈಪಿಡಿಯ ಕೋಷ್ಟಕದ ಮೇಲೆ ಬೆರಳಿಟ್ಟು ಓದಿ, ಚಿಮುಟದಿಂದ ಆ ಟೋಪಿಯನ್ನು ಎರಡು ಪಿನ್ನುಗಳ ಮೇಲೆ ಕೂರಿಸುತ್ತಿದ್ದನು. ಒಂದು ಸಾಲು ತಪ್ಪಿ ಓದಿದರೆ ಸಾವಿರಾರು ರೂಪಾಯಿಯ ಚಿಪ್ ಬೆಂದುಹೋದೀತೆಂಬ ಅಳುಕು ಅವನನ್ನು ಎಂದೂ ಬಿಟ್ಟುದಿಲ್ಲ.

1996ರಲ್ಲಿಯೇ ತೈವಾನಿನ ಅಬಿಟ್ ಸಂಸ್ಥೆಯು ಐಟಿ5ಎಚ್ ಎಂಬ ಮದರ್‌ಬೋರ್ಡಿನಲ್ಲಿ ಈ ಚಿಮುಟದ ಕೆಲಸವನ್ನು, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸಿನ ಪರದೆಗೆ ವರ್ಗಾಯಿಸಿ, ಅದಕ್ಕೆ ‘ಸಾಫ್ಟ್‌ಮೆನು’ ಎಂದು ಹೆಸರಿಟ್ಟಿತ್ತು. ಬಾಣದ ಗುರುತಿನ ಕೀಲಿಗಳನ್ನೊತ್ತಿ ವೋಲ್ಟನ್ನು ಏರಿಸಬಹುದಾದ ಆ ದಿನಗಳಲ್ಲಿ, 300 ಮೆಗಾಹರ್ಟ್ಸಿನದೆಂದು ಮಾರಾಟವಾದ 1998ರ ಸೆಲೆರಾನ್ ಪ್ರೊಸೆಸರನ್ನು 450ಕ್ಕೆ ಓಡಿಸಿ ಮೀಸೆ ತಿರುವಿದವರು ಬಹುಮಂದಿ. ಬಯೋಸೆಂಬ ಈ ಅಗೋಚರ ವಿದ್ಯೆಗೂ ಚೆನ್ನೈಗೂ ನಂಟುಂಟು: ಯಂತ್ರ ಕಣ್ಣು ಬಿಡುವ ಕ್ಷಣದಲ್ಲಿ ಪರದೆಯ ಮೇಲೆ ಹೊಳೆಯುವ ಅಮೆರಿಕನ್ ಮೆಗಾಟ್ರೆಂಡ್ಸ್ ಎಂಬ ಹೆಸರಿನ ಸಂಸ್ಥೆಯು 1985ರಲ್ಲಿ ಸುಬ್ರಮಣಿಯನ್ ಶಂಕರ್ ಮೊದಲಾದವರಿಂದ ಅಮೆರಿಕದ ಜಾರ್ಜಿಯಾದಲ್ಲಿ ಆರಂಭವಾದುದಾದರೂ, ಅದರ ಶಾಖೆಯೊಂದು ಇದೇ ನಗರದಲ್ಲಿದೆ.

ಕೊಟ್ಟ ಸ್ವಾತಂತ್ರ್ಯಕ್ಕೆ ಎರಡು ದಶಕಗಳ ಬಳಿಕ ಬೇಲಿ ಬಿದ್ದಿತು. ಚಾಲನೆಯಲ್ಲಿರುವ ಪ್ರೊಸೆಸರಿನ ವೋಲ್ಟೇಜನ್ನು ತಂತ್ರಾಂಶದಿಂದ ಕುಗ್ಗಿಸಿ, ಗಣನೆಯಲ್ಲಿ ತಪ್ಪು ಮಾಡಿಸಿ, ಅದು ಕಾಪಾಡುತ್ತಿದ್ದ ಗುಟ್ಟನ್ನು ಕದಿಯಬಹುದೆಂದು 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್, ಲೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿಕೊಟ್ಟರು. (ಅಂಬತ್ತೂರಿಗೆ ಸೈಕಲ್ಲಿನ ವಿದ್ಯೆ ಬಂದುದೂ ಅದೇ ಬರ್ಮಿಂಗ್‌ಹ್ಯಾಮಿನಿಂದಲೇ ಅಲ್ಲವೆ!) ಇಂಟೆಲ್ ಸಂಸ್ಥೆಯು ಬಯೋಸಿನ ಮೂಲಕ ಆ ಬಾಗಿಲಿಗೆ ಬೀಗ ಹಾಕಿಸಿತು; ಅದರಿಂದ ತಾಪ ತಗ್ಗಿಸಲೆಂದು ಲ್ಯಾಪ್‌ಟಾಪಿನ ವೋಲ್ಟೇಜನ್ನು ಇಳಿಸಿಕೊಂಡಿದ್ದ ನಿರಪರಾಧಿಗಳೂ ಹೊರಗುಳಿದರು. ಇದು ನನಗೆ ನ್ಯಾಯವೆಂದು ತೋರುವುದಿಲ್ಲ. ಏಕೆಂದರೆ ಬೀಗದ ಕೈ ಹಿಡಿದವರೂ ಎಡವದೆ ಇರಲಿಲ್ಲ: ಅದೇ ಸಂಸ್ಥೆಯ 13 ಮತ್ತು 14ನೆಯ ತಲೆಮಾರಿನ ಮೇಜುಗಣಕದ ಪ್ರೊಸೆಸರುಗಳಲ್ಲಿ ಹಲವು, ಬಳಕೆದಾರನು ಏನನ್ನೂ ಮುಟ್ಟದಿದ್ದರೂ, ಅತಿಯಾದ ವೋಲ್ಟೇಜನ್ನು ತಾವೇ ಬೇಡಿ ಪಡೆದು ಸವೆದುಹೋದುವು. 2024ರ ಆಗಸ್ಟಿನ ತಿದ್ದುಪಡಿಯು ಆ ಬೇಡಿಕೆಗೆ 1.55 ವೋಲ್ಟಿನ ಮಿತಿಯನ್ನು ವಿಧಿಸಿತು. ಅಂತಹ ಯಂತ್ರವುಳ್ಳವರು ತಮ್ಮ ಬಯೋಸನ್ನು ತಡಮಾಡದೆ ನವೀಕರಿಸಿಕೊಳ್ಳತಕ್ಕುದು. ಅದಾಗಲೇ ಸವೆದ ಚಿಪ್ಪನ್ನು ಮಾತ್ರ ಆ ತಿದ್ದುಪಡಿ ಸರಿಪಡಿಸಲಾರದು.