ಪಾಲು ಮತ್ತು ಮಾಸಾಶನ: ಕೋಡಿಬಾಗದ ಹಿನ್ನೆಲೆಯಲ್ಲಿ ಅಂಗವಿಕಲರ ಮರುದುಡಿಮೆ

ಕಾಳಿ ನದಿ ಅರಬ್ಬೀ ಸಮುದ್ರವನ್ನು ಸೇರುವಲ್ಲಿ, ಸದಾಶಿವಗಡದ ಎದುರು ದಡದಲ್ಲಿ ಕಾರವಾರದ ಕೋಡಿಬಾಗವಿದೆ. ನದೀಮುಖದ ಮರಳು ತುದಿಯನ್ನು ಕರಾವಳಿಯ ಕನ್ನಡದಲ್ಲಿ ಕೋಡಿ ಎನ್ನುವುದುಂಟು. ಕುಂದಾಪುರದ ಕೋಡಿ, ಕೋಡಿಬೆಂಗ್ರೆ ಮೊದಲಾದ ಸ್ಥಳನಾಮಗಳು ಇದಕ್ಕೆ ನಿದರ್ಶನ. ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ ಮೊದಲಾದ ಸಮುದಾಯಗಳ ಬದುಕು ಈ ಭಾಗದಲ್ಲಿ ಕಡಲನ್ನೂ ಹೊಳೆಯನ್ನೂ ನಂಬಿ ಬೆಳೆದಿದೆ. ಇಂಥ ನೆಲದಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ದುಡಿಮೆಗಾರನೊಬ್ಬ ಸರಕಾರದ ಮಾಸಾಶನ ಪಡೆಯುತ್ತಲೇ ಮತ್ತೆ ದುಡಿಮೆಗೆ ಮರಳಬಹುದೇ? ಪ್ರಶ್ನೆ ಆಡಳಿತದ್ದೆಂದು ತೋರಿದರೂ ಅದರ ಬೇರು ದುಡಿಮೆ ಮತ್ತು ಅನ್ನದ ಸಂಬಂಧವನ್ನು ಸಮಾಜ ಹೇಗೆ ಗ್ರಹಿಸಿದೆ ಎಂಬುದರಲ್ಲಿದೆ.

ಮಾಸಾಶನ ಎಂಬ ಪದವೇ ಈ ಗ್ರಹಿಕೆಯನ್ನು ಸೂಚಿಸುತ್ತದೆ. ಮಾಸದ ಅಶನ ಎಂದರೆ ತಿಂಗಳ ಅನ್ನ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಅನ್ನವನ್ನು ಕೈಯ ದುಡಿಮೆಗೆ ಕಟ್ಟಿಹಾಕಿದರೆ, ಮಾಸಾಶನವು ಕೈ ಸೋತವನಿಗೆ ದೊರೆಯುವ ಅನ್ನವಾಗುತ್ತದೆ. ಸೋತ ಕೈ ಮತ್ತೆ ಕೆಸರಿಗೆ ಇಳಿದಾಗ ಈ ಅನ್ನ ನಿಲ್ಲಬೇಕೆಂಬ ತರ್ಕ ಹುಟ್ಟುವುದು ಇಲ್ಲಿಂದಲೇ. ಆದರೆ ಕನ್ನಡ ನಾಡಿನ ಹಳೆಯ ಸಂಪ್ರದಾಯದಲ್ಲಿ ಇದಕ್ಕಿಂತ ಭಿನ್ನವಾದ ಮಾದರಿಯೂ ಇತ್ತು. ಶಾಸನಗಳಲ್ಲಿ ಕಾಣುವ ನೆತ್ತರುಗೊಡಗೆ ಕಾಳಗದಲ್ಲಿ ಮಡಿದವನ ಮನೆಯವರಿಗೆ ನೀಡುತ್ತಿದ್ದ ಭೂಮಿ. ಅದು ಸುರಿದ ನೆತ್ತರಿಗೆ ಸಂದ ಕೊಡುಗೆ. ಪಡೆದ ಮನೆಯವರು ಆ ಭೂಮಿಯನ್ನು ಉತ್ತು ಬಿತ್ತುವುದು ಕೊಡುಗೆಗೆ ಬಾಧಕವಾಗಿರಲಿಲ್ಲ. ಕೊಡುಗೆಯೇ ದುಡಿಮೆಯ ಸಾಧನವಾಗಿತ್ತು.

ಕರಾವಳಿಯ ಪಾಲುಪದ್ಧತಿಯಲ್ಲಿಯೂ ಇದೇ ಬಗೆಯ ತಿಳಿವಳಿಕೆಯನ್ನು ಗುರುತಿಸಬಹುದು. ಬಂಗಡೆ ಮತ್ತು ತಾರ್ಲೆ ಮೀನುಗಳ ಹಿಂಡು ದಡದ ಸಮೀಪ ಬಂದಾಗ ರಂಪಣಿ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಹರಡಿ, ಎರಡೂ ತುದಿಯ ಹಗ್ಗಗಳನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಅನೇಕ ತುಂಡುಗಳನ್ನು ಜೋಡಿಸಿದ ಈ ದೊಡ್ಡ ಬಲೆ ಒಬ್ಬನ ಶಕ್ತಿಗೆ ಮೀರಿದ್ದು. ಹಿಡಿದ ಮೀನಿನಲ್ಲಿ ಬಲೆಗೆ, ದೋಣಿಗೆ ಮತ್ತು ದುಡಿದ ಆಳುಗಳಿಗೆ ಬೇರೆ ಬೇರೆ ಪಾಲು ಸಲ್ಲುತ್ತಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಲೆಯಲ್ಲಿ ಹಕ್ಕುಳ್ಳವನು ಹಗ್ಗಕ್ಕೂ ಕೈಹಚ್ಚಿದರೆ ಅವನಿಗೆ ಆಳಿನ ಪಾಲೂ ಬರುತ್ತಿತ್ತು. ಒಂದು ಪಾಲು ಮತ್ತೊಂದನ್ನು ಕಳೆಯುತ್ತಿರಲಿಲ್ಲ. ಕಡಲಿಗೆ ಇಳಿಯಲಾರದವನಿಗೂ ದಡದಲ್ಲಿ ಬಲೆ ದುರಸ್ತಿ, ಮೀನು ವಿಂಗಡಣೆ, ಒಣಗಿಸುವಿಕೆಯಂಥ ಕೆಲಸಗಳಿದ್ದವು.

ಈ ವ್ಯವಸ್ಥೆಯನ್ನು ಆದರ್ಶವೆಂದು ಎತ್ತಿಹಿಡಿಯುವ ಅಗತ್ಯವಿಲ್ಲ. ಬಲೆಯಲ್ಲಾಗಲಿ ದೋಣಿಯಲ್ಲಾಗಲಿ ಹಕ್ಕಿಲ್ಲದ ಬಡವನ ದೇಹ ಸೋತಾಗ ಅವನ ಪಾಲೂ ಸೋಲುತ್ತಿತ್ತು. ಮೀನು ಸಿಗದ ದಿನ ಯಾರಿಗೂ ಪಾಲಿರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಕರ್ನಾಟಕದ ಕರಾವಳಿಗೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅದರೊಂದಿಗೆ ದಡದ ಸಾಮೂಹಿಕ ದುಡಿಮೆಯ ದೊಡ್ಡ ಭಾಗವೂ ಮರೆಯಾಯಿತು. ರಾಜ್ಯದಲ್ಲಿ ಅಂಗವಿಕಲರ ಮಾಸಾಶನ ಆರಂಭವಾದದ್ದು 1979ರಲ್ಲಿ. ಈ ಎರಡು ಘಟನೆಗಳ ನಡುವೆ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಒಂದು ಆಸರೆ ಕುಗ್ಗುತ್ತಿದ್ದ ಕಾಲದಲ್ಲಿಯೇ ಮತ್ತೊಂದು ಆಸರೆ ತಲೆಯೆತ್ತಿದ್ದು ಕರಾವಳಿಯ ಮಟ್ಟಿಗೆ ಅರ್ಥಪೂರ್ಣವಾಗಿದೆ.

ಹೊಸ ಆಸರೆಯ ತರ್ಕ ಪಾಲಿನ ತರ್ಕವಲ್ಲ. ಅದಕ್ಕೆ ಎರಡು ಅಳತೆಗೋಲುಗಳಿವೆ: ವೈದ್ಯರು ನೀಡುವ ವೈಕಲ್ಯದ ಶೇಕಡಾ ಪ್ರಮಾಣ ಮತ್ತು ಕಂದಾಯ ಇಲಾಖೆ ನೀಡುವ ಆದಾಯ ಪ್ರಮಾಣಪತ್ರ. ಶೇಕಡಾ 40ರಿಂದ 75ರವರೆಗಿನ ವೈಕಲ್ಯವುಳ್ಳವರ ಮಾಸಾಶನವನ್ನು 600 ರೂಪಾಯಿಗಳಿಂದ 800ಕ್ಕೆ ಏರಿಸುವ ನಿರ್ಧಾರ 2021ರ ಜುಲೈನಲ್ಲಿ ಪ್ರಕಟವಾಯಿತು. ಇದು ವರ್ಷಕ್ಕೆ 9,600 ರೂಪಾಯಿ. ಅರ್ಹತೆಗೆ ನಿಗದಿಯಾದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2024–25ರಲ್ಲಿ 349 ರೂಪಾಯಿ ಇತ್ತು. ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧದಷ್ಟು ರಿಯಾಯಿತಿ ನೀಡಿ ಪೂರ್ಣ ಕೂಲಿ ಕೊಡುವ ಉದಾರ ಕ್ರಮವೂ ಇಲ್ಲಿ ರೂಢಿಗೆ ಬಂದಿತ್ತು. ಆದರೆ ನೂರು ದಿನದ ಆ ಕೂಲಿಯನ್ನು ಲೆಕ್ಕಕ್ಕೆ ಹಿಡಿದರೆ ಮೊತ್ತ 34,900 ರೂಪಾಯಿ ಆಗುತ್ತದೆ, ಅಂದರೆ ಮಾಸಾಶನದ ಮಿತಿಗಿಂತ ಹೆಚ್ಚು. ಒಂದು ಯೋಜನೆ ದುಡಿಮೆಗೆ ಕರೆದರೆ ಮತ್ತೊಂದರ ನಿಯಮ ಆ ಕರೆಗೆ ಪೂರ್ತಿ ಓಗೊಡದಂತೆ ಎಚ್ಚರಿಸುತ್ತದೆ.

ಸಂಬಳದ ನೌಕರರ ವಿಷಯದಲ್ಲಿ ಕಾನೂನು ಬೇರೆ ದಾರಿ ಹಿಡಿದಿದೆ. 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಅಂಗದ ಬೆಲೆ ಕಟ್ಟದೆ, ಗಳಿಕೆಯ ಸಾಮರ್ಥ್ಯದಲ್ಲಿ ಆದ ನಷ್ಟವನ್ನು ಅಳೆಯಿತು. ಅದರ ಅನುಸೂಚಿಯಲ್ಲಿ ಹೆಬ್ಬೆರಳಿನ ನಷ್ಟ ಶೇಕಡಾ 30. ಅನುಸೂಚಿಯೂ ಅಂತಿಮವಲ್ಲವೆಂಬುದು 1975ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಬಡಗಿಯೊಬ್ಬನ ಪ್ರಕರಣದಲ್ಲಿ ಸ್ಪಷ್ಟವಾಯಿತು. ಎಡಗೈಯನ್ನು ಮೊಣಕೈ ಮೇಲಿನಿಂದ ಕಳೆದುಕೊಂಡವನು ಬಡಗಿ ಕೆಲಸ ಮಾಡಲಾರನಾದ್ದರಿಂದ ಅವನ ನಷ್ಟ ಸಂಪೂರ್ಣವೆಂದು ನ್ಯಾಯಾಲಯ ಒಪ್ಪಿತು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಲ್ಲಿ ತಾತ್ಕಾಲಿಕ ವೈಕಲ್ಯದ ಭತ್ಯೆ ಕೆಲಸಕ್ಕೆ ಮರಳಿದಾಗ ನಿಲ್ಲುತ್ತಿತ್ತು. ಶಾಶ್ವತ ವೈಕಲ್ಯದ ಭತ್ಯೆ ಹಾಗಲ್ಲ. ಕಾರ್ಮಿಕ ಮತ್ತೆ ದುಡಿದರೂ ಅದು ಜೀವನಪರ್ಯಂತ ಮುಂದುವರಿಯುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಎರಡೂ ಕಾಯಿದೆಗಳ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡಿದೆ.

ಮರುದುಡಿಮೆಯ ಪ್ರಶ್ನೆಗೆ ಇನ್ನಷ್ಟು ನೇರವಾಗಿ ಸಂಬಂಧಿಸಿದುದು ಕುನಾಲ್ ಸಿಂಗ್ ಪ್ರಕರಣ. ಕೇಂದ್ರದ ವಿಶೇಷ ಸೇವಾ ದಳದಲ್ಲಿ ಕಾನ್‌ಸ್ಟೇಬಲ್ ಆಗಿದ್ದ ಅವರು ಕರ್ತವ್ಯದಲ್ಲಿದ್ದಾಗ ಆದ ಗಾಯದಿಂದ ಎಡಗಾಲನ್ನು ಕಳೆದುಕೊಂಡರು. 1998ರಲ್ಲಿ ಅವರನ್ನು ಸೇವೆಗೆ ಅನರ್ಹರೆಂದು ಬಿಡುಗಡೆ ಮಾಡಲಾಯಿತು; ಅಶಕ್ತತಾ ಪಿಂಚಣಿ ದೊರೆಯಿತು. ಪಿಂಚಣಿ ಪಡೆದವನಿಗೆ ಉದ್ಯೋಗದ ರಕ್ಷಣೆ ಇಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2003ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಸೇವಾವಧಿಯಲ್ಲಿ ವೈಕಲ್ಯ ಪಡೆದವನನ್ನು ತೆಗೆದುಹಾಕಬಾರದು, ಹಳೆಯ ಹುದ್ದೆಗೆ ಒಗ್ಗದಿದ್ದರೆ ಅದೇ ವೇತನದ ಬೇರೆ ಹುದ್ದೆ ನೀಡಬೇಕು ಎಂಬ 1995ರ ಅಂಗವಿಕಲರ ಕಾಯಿದೆಯ 47ನೆಯ ಕಲಂ ಪಿಂಚಣಿಯ ಕಾರಣದಿಂದ ಇಲ್ಲವಾಗದು ಎಂಬುದು ತೀರ್ಪಿನ ಸಾರ. ಈ ರಕ್ಷಣೆ 2016ರ ಕಾಯಿದೆಯ 20ನೆಯ ಕಲಮಿನಲ್ಲಿ ಮುಂದುವರಿದಿದೆ.

ಕೋಡಿಬಾಗದ ದೋಣಿಯವನಿಗೆ ಈ ತೀರ್ಪು ಎಷ್ಟು ಸಮೀಪ? ಮರಳಿ ಸೇರಿಸಿಕೊಳ್ಳಬೇಕೆಂದು ಕೇಳಲು ಅವನಿಗೆ ಇಲಾಖೆಯಿಲ್ಲ, ಹುದ್ದೆಯಿಲ್ಲ, ಸೇವಾ ಪುಸ್ತಕವಿಲ್ಲ. ಪಾಲಿನ ಮೇಲೆ ದುಡಿಯುವವನಿಗೆ ಸಂಬಳ ಕೊಡುವ ಧಣಿ ಯಾರೆಂಬುದನ್ನು ತೋರಿಸುವುದೂ ಸುಲಭವಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆ ಶಾಶ್ವತ ಪೂರ್ಣ ವೈಕಲ್ಯಕ್ಕೆ 5 ಲಕ್ಷ, ಭಾಗಶಃ ವೈಕಲ್ಯಕ್ಕೆ 2.5 ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಿತು. ಇದು ಒಮ್ಮೆ ಬರುವ ಹಣ. ತಿಂಗಳ ಅನ್ನಕ್ಕೆ ಉಳಿಯುವುದು ಆದಾಯಮಿತಿಯುಳ್ಳ ಮಾಸಾಶನ ಮಾತ್ರ.

ಕಡಲ ದುಡಿಮೆಯ ಸ್ವರೂಪ ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಉಳಿದ ತಿಂಗಳುಗಳಲ್ಲೂ ಗಳಿಕೆ ಗಾಳಿ, ನೀರು, ಮೀನಿನ ಬರವನ್ನು ಅವಲಂಬಿಸಿದೆ. ಕಚೇರಿಯ ನೌಕರ ಕೆಲಸಕ್ಕೆ ಮರಳುವುದು ಒಮ್ಮೆ. ಮೀನುಗಾರ ಮರಳುವುದು ಪ್ರತಿವರ್ಷ. ನಾಲ್ಕು ತಿಂಗಳು ಬಲೆ ಹೆಣೆದು ಗಳಿಸಿದವನ ಮಾಸಾಶನ ಆ ಗಳಿಕೆಯ ಕಾರಣದಿಂದ ನಿಂತರೆ, ಮಳೆಗಾಲದಲ್ಲಿ ಅವನು ಮತ್ತೆ ಅರ್ಜಿದಾರನಾಗಬೇಕು. ಇಂಥ ಭಯವಿರುವಲ್ಲಿ ದುಡಿಮೆಯನ್ನು ಬಿಡುವುದು ಅಥವಾ ದುಡಿದುದನ್ನು ಮರೆಮಾಚುವುದು ವಿವೇಕವೆನಿಸಿಕೊಳ್ಳುತ್ತದೆ. ಇದನ್ನು ಸೋಮಾರಿತನವೆಂದೋ ವಂಚನೆಯೆಂದೋ ಕರೆಯುವ ಮೊದಲು ನಿಯಮದ ಒಳತರ್ಕವನ್ನು ಪರಿಶೀಲಿಸಬೇಕು.

ಒಟ್ಟಿನಲ್ಲಿ, ಅಂಗವಿಕಲರ ನೆರವನ್ನು ಎರಡು ರೀತಿಯಲ್ಲಿ ಅರ್ಥೈಸಲು ಸಾಧ್ಯ. ಅದು ದುಡಿಯಲಾರದವನಿಗೆ ಕೊಡುವ ಅನ್ನವಾದರೆ ದುಡಿಮೆ ಅದರ ವೈರಿಯಾಗುತ್ತದೆ. ಅದು ನಷ್ಟಕ್ಕೆ ಸಲ್ಲುವ ಹಕ್ಕಾದರೆ ದುಡಿಮೆ ಅದರ ಜೊತೆಗಾರನಾಗುತ್ತದೆ. ಊರುಗೋಲು, ಔಷಧ, ಪ್ರಯಾಣ, ಇನ್ನೊಬ್ಬರ ನೆರವು ಇವುಗಳ ಖರ್ಚು ಕೆಲಸ ಸಿಕ್ಕ ದಿನ ಇಲ್ಲವಾಗುವುದಿಲ್ಲ. ನೆತ್ತರುಗೊಡಗೆಯೂ ಬಲೆಯ ಪಾಲೂ ಎರಡನೆಯ ಅರ್ಥಕ್ಕೆ ಹತ್ತಿರವಾಗಿವೆ. ಶಾಶ್ವತ ವೈಕಲ್ಯದ ಭತ್ಯೆಯೂ 2003ರ ತೀರ್ಪೂ ಅದೇ ದಿಕ್ಕಿನಲ್ಲಿವೆ. ಗಳಿಕೆ ಏರಿದಂತೆ ನೆರವನ್ನು ಒಮ್ಮೆಲೇ ಕಡಿಯದೆ ಹಂತಹಂತವಾಗಿ ಇಳಿಸುವುದು, ಕೆಲಸ ತಪ್ಪಿದಾಗ ಹೊಸ ಅರ್ಜಿಯಿಲ್ಲದೆ ಅದನ್ನು ಮರಳಿ ಕೊಡುವುದು ಈ ದಿಕ್ಕಿನ ಮುಂದಿನ ಹೆಜ್ಜೆಗಳಾಗಬಲ್ಲವು. ಹಗ್ಗಕ್ಕೆ ಕೈಹಚ್ಚಿದವನ ಬಲೆಯ ಪಾಲನ್ನು ದಡದ ಜನ ಕಸಿಯಲಿಲ್ಲ. ಮಾಸಾಶನದ ನಿಯಮಗಳನ್ನು ರೂಪಿಸುವವರು ಗಮನಿಸಬೇಕಾದ ಲೋಕಜ್ಞಾನ ಇಲ್ಲಿದೆ.