ರೆಕ್ಕೆ ಇಲ್ಲದ ನೊಣ, ವಿಷ ಇಲ್ಲದ ಕಪ್ಪೆ

ಕಳಿತ ಬಾಳೆಹಣ್ಣನ್ನು ಎರಡು ದಿನ ಅಡಿಗೆಮನೆ ಕಟ್ಟೆ ಮೇಲೆ ಬಿಟ್ಟು ನೋಡಿ. ಎಲ್ಲಿಂದಲೋ ಕೆಂಪು ಕಣ್ಣಿನ ಪುಟಾಣಿ ನೊಣಗಳು ಹಾಜರ್! ಹೆಸರು ಡ್ರೊಸೊಫಿಲ. ನಾವು ಓಡಿಸುವ ಈ ನೊಣವನ್ನು ಅಮೆರಿಕ, ಯುರೋಪಿನಲ್ಲಿ ಕೆಲವರು ಮನೆಯಲ್ಲೇ ಡಬ್ಬಿಗಳಲ್ಲಿ ಬೆಳೆಸುತ್ತಾರೆ, ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಕಪ್ಪೆಗಳ ಊಟಕ್ಕೆ. ಬಯಾಲಜಿ ಬಿಟ್ಟು ಎಂಜಿನಿಯರಿಂಗ್ ಸೇರಿದ ನನಗೆ ಇದರ ಚರಿತ್ರೆ ಓದುತ್ತಾ ಹೋದಂತೆ ತುಂಬಾ ಹಿಡಿಸಿತು.

ಕಥೆ ಶುರುವಾಗುವುದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಥಾಮಸ್ ಹಂಟ್ ಮಾರ್ಗನ್ ಮತ್ತು ಶಿಷ್ಯರು ಅಲ್ಲಿನ ಒಂದು ಸಣ್ಣ ಕೋಣೆಯಲ್ಲಿ, ಹಾಲಿನ ಬಾಟಲಿಗಳಲ್ಲಿ, ಬಾಳೆಹಣ್ಣು ಹಾಕಿ ಈ ನೊಣ ಸಾಕಿದರು. 1910ರಲ್ಲಿ ಬಿಳಿ ಕಣ್ಣಿನ ನೊಣವೊಂದು ಸಿಕ್ಕಿತು. ವಂಶವಾಹಿಗಳು ಕ್ರೋಮೋಸೋಮಿನ ಮೇಲಿರುತ್ತವೆ ಎಂದು ತೋರಿಸುವ ದಾರಿ ತೆರೆದದ್ದು ಅದೇ. ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಂತು. ಆ ಬಾಟಲಿಗಳಲ್ಲೇ ಮೊಂಡು ರೆಕ್ಕೆಯ, ಹಾರಲಾಗದ ನೊಣವೂ ಹುಟ್ಟಿತು.

ಈ ಮೊಂಡು ರೆಕ್ಕೆಯೇ ಮುಂದೆ ಕಪ್ಪೆ ಸಾಕುವವರ ಕೈಹಿಡಿಯಿತು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಬಣ್ಣಬಣ್ಣದ ಬಾಣಕಪ್ಪೆಗಳು ಹೆಬ್ಬೆರಳ ಗಾತ್ರದವು. ಬಾಯಿಗೆ ಹಿಡಿಸುವಷ್ಟು ಚಿಕ್ಕದು, ಜೀವಂತವಾಗಿ ಅಲುಗಾಡುವುದು ಮಾತ್ರ ಅವಕ್ಕೆ ಊಟ. ರೆಕ್ಕೆ ಇದ್ದರೆ ಮನೆ ತುಂಬಾ ನೊಣ, ಇಲ್ಲದಿದ್ದರೆ ಸಲೀಸು. ನಮ್ಮ ಭಾಷೆಯಲ್ಲಿ ಬಗ್ಗೇ ಫೀಚರ್ ಆಯಿತು :-) ತಮಾಷೆ ಅಂದರೆ ಡಬ್ಬಿಯನ್ನು 30 ಡಿಗ್ರಿ ಆಸುಪಾಸಿನ ಸೆಕೆಯಲ್ಲಿಟ್ಟರೆ ಇದೇ ತಳಿಯ ರೆಕ್ಕೆ ಉದ್ದ ಬೆಳೆಯುತ್ತದೆ!

ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೂ ಡ್ರೊಸೊಫಿಲ ತಳಿಗಳ ಸಂಗ್ರಹ ಕೇಂದ್ರವಿದೆ. ಕಪ್ಪೆಗಲ್ಲ, ಸಂಶೋಧನೆಗೆ. ಅಲ್ಲಿ ನೊಣದ ಮೇವು ಗೋಧಿ ರವೆ, ಬೆಲ್ಲ, ಅಗರ್. ಹೆಚ್ಚುಕಮ್ಮಿ ನಮ್ಮ ಸಜ್ಜಿಗೆ!

ಊಟದ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೊಲಂಬಿಯಾ ದೇಶದ ಎಂಬೆರಾ ಜನ ಇಂಥ ಕಪ್ಪೆಗಳ ಚರ್ಮದ ವಿಷವನ್ನು ಬಾಣದ ಮೊನೆಗೆ ಸವರುತ್ತಿದ್ದರು. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಹಣ್ಣುನೊಣ ತಿಂದು ಬೆಳೆದ ಬಾಣಕಪ್ಪೆಯ ಮೈಯಲ್ಲಿ ವಿಷವೇ ಇರಲಿಲ್ಲ. ಜಾನ್ ಡೇಲಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಹಚ್ಚಿದ ಜಾಡು ಇದು: ವಿಷ ಬರುವುದು ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ. ಉಂಡ ಅನ್ನವೇ ಕಪ್ಪೆಯ ಆಯುಧ.

ಇದನ್ನು ಬರೀ ಶೋಕಿ ಅಂತ ತಳ್ಳಿಹಾಕುವಂತಿಲ್ಲ. ಕಪ್ಪೆಗಳ ಚರ್ಮಕ್ಕೆ ಹತ್ತುವ ಕಿಟ್ರಿಡ್ ಎಂಬ ಶಿಲೀಂಧ್ರಕ್ಕೆ 1999ರಲ್ಲಿ ಹೆಸರಿಟ್ಟರು. ಅದನ್ನು ಬೇರ್ಪಡಿಸಿದ್ದು ವಾಷಿಂಗ್ಟನ್ ಮೃಗಾಲಯದ ನೀಲಿ ಬಾಣಕಪ್ಪೆಯೊಂದರಿಂದ. ಅದೇ ರೋಗ 2006ರಲ್ಲಿ ಪನಾಮಾದ ಎಲ್ ವಾಯೆ ಊರಿಗೆ ಬಂದಾಗ, ಕಾಡಿನ ಕಪ್ಪೆಗಳನ್ನು ಹಿಡಿದು ತಂದು ಹೋಟೆಲಿನ ರೂಮುಗಳಲ್ಲಿಟ್ಟು ಸಾಕಿದರು! ಅವುಗಳಲ್ಲಿ ಪನಾಮಾದ ಹೆಮ್ಮೆಯ ಹೊಂಬಣ್ಣದ ಕಪ್ಪೆಯೂ ಇತ್ತು. ಕಾಡಿನಲ್ಲೇ ಹುಟ್ಟಿ ಬೆಳೆದ ಹೊನ್ನಕಪ್ಪೆ ಕೊನೆಯದಾಗಿ ಕಂಡದ್ದು 2009ರಲ್ಲಿ. ಆ ಕುಲ ಉಳಿದು ಬಂದದ್ದು ಮೃಗಾಲಯ, ಸಾಕಣೆ ಕೇಂದ್ರಗಳಲ್ಲಿ, ಡಬ್ಬಿಯಲ್ಲಿ ಬೆಳೆಸಿದ ಹಣ್ಣುನೊಣ, ಚಿಮ್ಮಂಡೆಗಳನ್ನು ತಿಂದು.

ಕಪ್ಪೆ ಉಳಿಸಬೇಕಾದರೆ ಕಪ್ಪೆಯನ್ನು ಹಿಡಿದು ತಂದರೆ ಸಾಲದು, ಅದರ ಊಟವನ್ನೂ ಹುಟ್ಟಿಸಬೇಕು, ವಾರವಾರವೂ ತಪ್ಪದೆ. ಆದರೂ ಡಬ್ಬಿ ಎಷ್ಟೇ ಇರಲಿ, ಬಾಣಕಪ್ಪೆಯ ವಿಷ ಅದರಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಇಡೀ ಕಾಡೇ ಬೇಕು, ಇರುವೆ ನುಸಿಗಳ ಸಮೇತ.